ಪಾರ್ಕಿನ್ಸನ್ ಮಾತ್ರೆ ಮತ್ತು ಗಡಿಯಾರ: ಮನೆಯವರು ಮಾಡಬೇಕಾದ ಕೆಲಸ

ಅಪ್ಪನಿಗೆ ಪಾರ್ಕಿನ್ಸನ್ ಅಂತ ಗೊತ್ತಾಗಿ ನಾಲ್ಕನೇ ವರ್ಷ ನಡೆಯುತ್ತಿತ್ತು. ಬೆಳಗ್ಗೆ 7ಕ್ಕೆ ಮಾತ್ರೆ, 8ಕ್ಕೆ ಸ್ನಾನ, ಆಮೇಲೆ ತಾವೇ ಅಂಗಿ ತೊಟ್ಟು ಗುಂಡಿ ಹಾಕಿಕೊಂಡು ಹೊರಗೆ ಬರುತ್ತಿದ್ದರು. ಅದೇ ಅಪ್ಪ 11 ಗಂಟೆಗೆ ಎಲ್ಲಿಗಾದರೂ ಹೊರಡೋಣ ಅಂದರೆ ಅಂಗಿಯ ಮೂರನೇ ಗುಂಡಿಯ ಹತ್ತಿರ ನಿಂತುಬಿಡುತ್ತಿದ್ದರು. ಹೆಬ್ಬೆರಳು ಗುಂಡಿಯ ಮೇಲೆ, ತೋರುಬೆರಳು ಕಾಜದ ಪಕ್ಕ, ಎರಡೂ ಅಲ್ಲಲ್ಲೇ. "ಬಿಡಿ ಅಪ್ಪ, ನಾನು ಹಾಕ್ತೀನಿ" ಅಂದರೆ ಸಿಟ್ಟು. ಬೆಳಗ್ಗೆ ಆಗಿದ್ದು ಈಗ ಯಾಕೆ ಆಗಲ್ಲ, ಹಟ ಇರಬೇಕು, ಇಲ್ಲ ಹೊರಗೆ ಬರಲು ಮನಸ್ಸಿಲ್ಲ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಒಂದು ದಿನ ಅವರೇ ಹೇಳಿದರು, "ಕೈ ನಂದೇ ಅಲ್ಲ ಅನ್ನಿಸುತ್ತೆ ಕಣೇ, ಹೇಳಿದ ಮಾತು ಕೇಳಲ್ಲ." ಆಗ ಸುಮ್ನೆ ಗಡಿಯಾರ ನೋಡಿದೆ. 10:50. ಮಾರನೇ ದಿನ 10:45. ಅದರ ಮಾರನೇ ದಿನ 11ಕ್ಕೆ ಐದು ನಿಮಿಷ ಇತ್ತು. 7ರ ಮಾತ್ರೆಯ ಪರಿಣಾಮ ಅಷ್ಟೊತ್ತಿಗೆ ಮುಗಿದುಹೋಗುತ್ತಿತ್ತು, ಮುಂದಿನ ಮಾತ್ರೆ ಇದ್ದದ್ದು ಮಧ್ಯಾಹ್ನ 1ಕ್ಕೆ.

ನಾನು ಡಾಕ್ಟರಲ್ಲ. ಈ ಕಾಯಿಲೆಯ ಜೊತೆ ಒಂದೇ ಮನೆಯಲ್ಲಿ ಒಂಬತ್ತು ವರ್ಷ ಇದ್ದವಳು. ಯಾವ ಮಾತ್ರೆ, ಎಷ್ಟು ಅನ್ನುವುದು ನಿಮ್ಮ ನ್ಯೂರಾಲಜಿಸ್ಟ್ ತೀರ್ಮಾನಿಸಬೇಕು. ಆದರೆ ಆ ಮಾತ್ರೆ ಹೊಟ್ಟೆಗೆ ಹೋಗುವುದು ಯಾವ ಹೊತ್ತಿಗೆ, ಅದು ಹತ್ತಿದ್ದು (ಕೆಲಸ ಶುರುಮಾಡಿದ್ದು) ಯಾವಾಗ, ಇಳಿದದ್ದು ಯಾವಾಗ ಅನ್ನುವುದು ಮನೆಯಲ್ಲಿರುವ ನಮಗೆ ಮಾತ್ರ ಕಾಣುವ ವಿಷಯ. ಅದನ್ನು ನೋಡುವುದು ಹೇಗೆ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಅಪ್ಪನಿಗೆ ಎಷ್ಟೋ ತಿಂಗಳ ಕಷ್ಟ ತಪ್ಪುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಲೆಯೊಳಗೆ ಖಾಲಿಯಾಗುವುದು ಏನು

ಇದು ಗೊತ್ತಿಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ.

ಮೆದುಳಿನ ನಡುಭಾಗದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಅಂತ ಒಂದು ಪುಟ್ಟ ಜಾಗ ಇದೆ. ಅಲ್ಲಿನ ಜೀವಕೋಶಗಳಲ್ಲಿ ಕಪ್ಪು ಬಣ್ಣ ಇರುವುದರಿಂದ ಆ ಹೆಸರು. ಈ ಕೋಶಗಳು ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸಿ ಸ್ಟ್ರಯೇಟಮ್ ಅನ್ನುವ ಇನ್ನೊಂದು ಜಾಗಕ್ಕೆ ಕಳಿಸುತ್ತವೆ. ನಡೆಯುವುದು, ಏಳುವುದು, ಗುಂಡಿ ಹಾಕುವುದು, ಮುಖದಲ್ಲಿ ನಗು ಬರುವುದು, ಇವೆಲ್ಲ ಯೋಚನೆ ಮಾಡದೆ ತಾವಾಗಿ ಸಲೀಸಾಗಿ ನಡೆಯಲು ಅಲ್ಲಿ ಡೋಪಮೈನ್ ಇರಬೇಕು. ಪಾರ್ಕಿನ್ಸನ್‌ನಲ್ಲಿ ಈ ಕಪ್ಪು ಕೋಶಗಳು ಒಂದೊಂದಾಗಿ ಸಾಯುತ್ತವೆ. ಸಾಯುವ ಕೋಶಗಳ ಒಳಗೆ ಆಲ್ಫಾ ಸಿನ್ಯೂಕ್ಲಿನ್ ಅನ್ನುವ ಪ್ರೋಟೀನು ಉಂಡೆ ಕಟ್ಟಿಕೊಂಡಿರುತ್ತದೆ. ಮೊದಲ ನಡುಕ ಕಣ್ಣಿಗೆ ಬೀಳುವಷ್ಟರಲ್ಲಿ ಅಲ್ಲಿನ ಕೋಶಗಳಲ್ಲಿ ಅರ್ಧದಷ್ಟು ಹೋಗಿರುತ್ತವೆ, ಸ್ಟ್ರಯೇಟಮ್‌ನಲ್ಲಿ ಡೋಪಮೈನ್ ಅದಕ್ಕಿಂತಲೂ ಜಾಸ್ತಿ ಕಡಿಮೆಯಾಗಿರುತ್ತದೆ. "ಎರಡು ತಿಂಗಳ ಹಿಂದೆ ಚೆನ್ನಾಗಿದ್ದರಲ್ಲ" ಅಂತ ನೆಂಟರು ಕೇಳುತ್ತಾರೆ. ಒಳಗೆ ಎಷ್ಟೋ ವರ್ಷದಿಂದ ನಡೆದಿತ್ತು, ಹೊರಗೆ ಕಂಡಿದ್ದು ಈಗ.

ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದದ್ದು 1817ರಲ್ಲಿ. ಕಾರಣ ಸಿಗಲು ಮುಂದೆ ಸುಮಾರು 140 ವರ್ಷ ಬೇಕಾಯಿತು. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್, ಔಷಧಿ ಕೊಟ್ಟು ಅಲ್ಲಾಡದಂತೆ ಮಾಡಿದ್ದ ಪ್ರಾಣಿಗಳಿಗೆ ಡೋಪಾ, ಅಂದರೆ ಮೈಯೊಳಗೆ ಡೋಪಮೈನ್ ಆಗುವ ವಸ್ತು, ಕೊಟ್ಟರು. ಸತ್ತಂತೆ ಬಿದ್ದಿದ್ದ ಮೊಲಗಳು ಎದ್ದು ಓಡಾಡಿದವು. 1960ರಲ್ಲಿ ವಿಯೆನ್ನಾದ ಎರಿಂಗರ್ ಮತ್ತು ಹಾರ್ನಿಕೀವಿಚ್, ಪಾರ್ಕಿನ್ಸನ್ ಇದ್ದು ತೀರಿಕೊಂಡವರ ಮೆದುಳಿನಲ್ಲಿ ಡೋಪಮೈನ್ ತೀರಾ ಕಡಿಮೆ ಇದ್ದದ್ದನ್ನು ತೋರಿಸಿದರು. 1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಸ್ವಲ್ಪ ಸ್ವಲ್ಪವಾಗಿ ಡೋಸು ಏರಿಸುತ್ತಾ ಹೋದರೆ ರೋಗಿಗಳು ಡೋಪಾವನ್ನು ತಡೆದುಕೊಳ್ಳುತ್ತಾರೆ ಅಂತ ಕಂಡುಕೊಂಡರು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಮಾತ್ರೆಯಲ್ಲಿ ಬರುವ ಡೋಪಾಕ್ಕೆ ಲೆವೊಡೋಪಾ ಅನ್ನುತ್ತಾರೆ. ಇವತ್ತಿಗೂ ಚಲನೆಯ ತೊಂದರೆಗೆ ಅದನ್ನು ಮೀರಿಸಿದ ಮಾತ್ರೆ ಬಂದಿಲ್ಲ.

ಡೋಪಮೈನ್ ಇಲ್ಲ ಅಂದರೆ ಡೋಪಮೈನನ್ನೇ ಕೊಟ್ಟರಾಯಿತು, ಅಲ್ವಾ? ಆಗುವುದಿಲ್ಲ. ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲಿ ಒಂದು ತಡೆ ಇದೆ, ಡೋಪಮೈನ್ ಅದನ್ನು ದಾಟುವುದಿಲ್ಲ. ಲೆವೊಡೋಪಾ ದಾಟುತ್ತದೆ, ಒಳಗೆ ಹೋದ ಮೇಲೆ ಡೋಪಮೈನ್ ಆಗುತ್ತದೆ. ಆದರೆ ಬಿಟ್ಟರೆ ಅದು ದಾರಿಯಲ್ಲೇ, ಅಂದರೆ ಕರುಳಿನಲ್ಲಿ, ರಕ್ತದಲ್ಲೇ ಡೋಪಮೈನ್ ಆಗಿಬಿಡುತ್ತದೆ. ಆಗ ಮೆದುಳಿಗೂ ಸಿಗಲ್ಲ, ಜೊತೆಗೆ ವಾಂತಿ ಬೇರೆ. ಇದನ್ನು ತಡೆಯಲು ಅದೇ ಮಾತ್ರೆಯಲ್ಲಿ ಕಾರ್ಬಿಡೋಪಾ ಅಥವಾ ಬೆನ್ಸೆರಜೈಡ್ ಸೇರಿಸಿರುತ್ತಾರೆ. ಮಾತ್ರೆಯ ಮೇಲೆ 25/100 ಅಂತ ಇದ್ದರೆ ಕಾರ್ಬಿಡೋಪಾ 25 ಮಿ.ಗ್ರಾಂ, ಲೆವೊಡೋಪಾ 100 ಮಿ.ಗ್ರಾಂ ಅಂತ ಅರ್ಥ. ಲೆವೊಡೋಪಾ ದಾರಿಯಲ್ಲೇ ಹಾಳಾಗದಂತೆ ಸರಿಯಾಗಿ ತಡೆಯಲು ದಿನಕ್ಕೆ 70ರಿಂದ 100 ಮಿ.ಗ್ರಾಂ ಕಾರ್ಬಿಡೋಪಾ ಬೇಕು. 10/100 ಮಾತ್ರೆಯನ್ನು ದಿನಕ್ಕೆ ಮೂರು ಸಲ ತಗೊಂಡರೆ ಸಿಗುವುದು 30 ಮಾತ್ರ. ಹೊಟ್ಟೆ ತೊಳಸುವುದು ನಿಲ್ಲುತ್ತಲೇ ಇಲ್ಲ ಅನ್ನುವವರು ಮೊದಲು ಮಾತ್ರೆಯ ಮೇಲಿನ ಈ ಅಂಕಿ ನೋಡಿ, ಡಾಕ್ಟರ ಹತ್ತಿರ ಕೇಳಿ.

ಈಗ ಗಡಿಯಾರದ ವಿಷಯ. ಕಾರ್ಬಿಡೋಪಾ ಜೊತೆಗಿದ್ದರೂ ಲೆವೊಡೋಪಾ ರಕ್ತದಲ್ಲಿ ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಿದ್ದರೂ ಶುರುವಿನ ವರ್ಷಗಳಲ್ಲಿ ದಿನಕ್ಕೆ ಮೂರು ಮಾತ್ರೆ ಆರಾಮಾಗಿ ಸಾಕಾಗುತ್ತದೆ. ಯಾಕೆಂದರೆ ಉಳಿದಿರುವ ಕೋಶಗಳು ಅದನ್ನು ಡೋಪಮೈನ್ ಮಾಡಿ ಕೂಡಿಟ್ಟುಕೊಂಡು ಬೇಕಾದಾಗ ಬಿಡುತ್ತವೆ. ನಲ್ಲಿಯಲ್ಲಿ ನೀರು ಒಂದು ಗಂಟೆ ಬಂದರೂ ಮನೆಯ ತೊಟ್ಟಿ ದೊಡ್ಡದಿದ್ದರೆ ದಿನವಿಡೀ ನಡೆಯುತ್ತದಲ್ಲ, ಹಾಗೆ. ವರ್ಷ ಕಳೆದಂತೆ ಕೋಶಗಳು ಇನ್ನೂ ಹೋಗುತ್ತವೆ, ತೊಟ್ಟಿ ಚಿಕ್ಕದಾಗುತ್ತಾ ಬರುತ್ತದೆ. ಕೊನೆಗೆ ನಲ್ಲಿಯಲ್ಲಿ ನೀರು ಬರುತ್ತಿರುವಷ್ಟು ಹೊತ್ತು ಮಾತ್ರ ನೀರು. ಆವಾಗ 7ರ ಮಾತ್ರೆ 11ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಮಾತ್ರೆಯ ಸಮಯ ಮೆದುಳಿನ ತೊಟ್ಟಿಯ ಕೆಲಸವನ್ನು ಮಾಡಬೇಕಾಗುತ್ತದೆ. ಅರ್ಧ ಗಂಟೆ ತಡವಾದರೆ ಏನಾಯಿತು ಅನ್ನುವ ಮಾತು ಬಿಪಿ ಮಾತ್ರೆಗೆ ಸರಿಹೋಗಬಹುದು, ಇದಕ್ಕೆ ಇಲ್ಲ.

ಮಾತ್ರೆ ಕೊಡುವ ಕ್ರಮ

ಮೊದಲು ಮೊಬೈಲಿನಲ್ಲಿ ಅಲಾರಂ ಇಡಿ. ತಿಂಡಿ ಆದಮೇಲೆ, ಊಟ ಆದಮೇಲೆ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ, ಊಟದ ಹೊತ್ತು ದಿನಾ ಹಿಂದೆಮುಂದೆ ಆಗುತ್ತದೆ. ಗಂಟೆ ಲೆಕ್ಕ ಇರಲಿ. ಒಂದು ಅಲಾರಂ ಅವರ ಫೋನಿನಲ್ಲಿ, ಒಂದು ನಿಮ್ಮ ಫೋನಿನಲ್ಲಿ. ಬೆಳಗಿನ ಮೊದಲ ಮಾತ್ರೆ ಮತ್ತು ಒಂದು ಲೋಟ ನೀರು ರಾತ್ರಿಯೇ ಹಾಸಿಗೆಯ ಪಕ್ಕ ಇಟ್ಟಿರಿ. ರಾತ್ರಿಯಿಡೀ ಮಾತ್ರೆ ಇಲ್ಲದೆ ಇದ್ದ ಮೈ ಬೆಳಗ್ಗೆ ಎಲ್ಲಕ್ಕಿಂತ ಬಿಗಿಯಾಗಿರುತ್ತದೆ, ಕೆಲವರಿಗೆ ಕಾಲಿನ ಬೆರಳುಗಳು ಒಳಗೆ ಸುರುಟಿಕೊಂಡು ನೋವು ಬರುತ್ತದೆ. ಮಾತ್ರೆ ನುಂಗಿ, ಅದು ಹತ್ತುವವರೆಗೆ ಮಲಗಿದ್ದು ಆಮೇಲೆ ಏಳುವುದು ಒಳ್ಳೆಯದು.

ಹೊಟ್ಟೆ ಖಾಲಿ ಇರಬೇಕು. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಇಲ್ಲವಾದರೆ ಊಟವಾಗಿ ಒಂದೆರಡು ಗಂಟೆ ಬಿಟ್ಟು. ಲೆವೊಡೋಪಾ ಹೀರಿಕೊಳ್ಳುವುದು ಸಣ್ಣಕರುಳಿನ ಮೇಲ್ಭಾಗದಲ್ಲಿ. ಹೊಟ್ಟೆ ತುಂಬಿದ್ದರೆ ಮಾತ್ರೆ ಊಟದ ಜೊತೆ ಹೊಟ್ಟೆಯಲ್ಲೇ ಕೂತಿರುತ್ತದೆ, ಕರುಳಿಗೆ ಇಳಿಯುವುದೇ ತಡ. ಒಂದು ಗುಟುಕು ನೀರಿನಲ್ಲಿ ನುಂಗಬೇಡಿ, ಲೋಟ ತುಂಬ ನೀರು ಕುಡಿಯಲಿ. ಹೊಸದಾಗಿ ಶುರು ಮಾಡಿದವರಿಗೆ ಹೊಟ್ಟೆ ತೊಳಸಿದರೆ ಹಾಲು, ಮೊಟ್ಟೆ ಇಲ್ಲದ ಏನಾದರೂ ಹಗುರವಾದದ್ದನ್ನು ಜೊತೆಗೆ ಒಂದೆರಡು ತುತ್ತು ಕೊಡಬಹುದು. ಕೆಲವು ವಾರಗಳಲ್ಲಿ ಬಹಳ ಜನರಿಗೆ ಅಭ್ಯಾಸವಾಗುತ್ತದೆ.

ಪ್ರೋಟೀನಿನ ಬಗ್ಗೆ ಜನ ಎರಡು ಥರ ತಪ್ಪು ಮಾಡುತ್ತಾರೆ. ಕೆಲವರಿಗೆ ವಿಷಯವೇ ಗೊತ್ತಿರುವುದಿಲ್ಲ, ಮಾತ್ರೆಯನ್ನು ಹಾಲಿನಲ್ಲಿ ನುಂಗುತ್ತಾರೆ. ಇನ್ನು ಕೆಲವರು ಗೊತ್ತಾದ ಕೂಡಲೇ ಬೇಳೆಕಾಳು, ಮೊಟ್ಟೆ, ಮಾಂಸ ಎಲ್ಲ ಬಿಡಿಸಿ ಮನುಷ್ಯನನ್ನು ಒಣಗಿಸುತ್ತಾರೆ. ನಡೆಯುವುದು ಇಷ್ಟು: ಲೆವೊಡೋಪಾ ಒಂದು ಅಮೈನೋ ಆಮ್ಲ. ಪ್ರೋಟೀನು ಜೀರ್ಣವಾದಾಗ ಬರುವುದೂ ಅಮೈನೋ ಆಮ್ಲಗಳೇ. ಕರುಳಿನಲ್ಲೂ ಮೆದುಳಿನ ತಡೆಯಲ್ಲೂ ಒಳಗೆ ಹೋಗಲು ಇವಕ್ಕೆಲ್ಲ ಒಂದೇ ಬಾಗಿಲು, ಅಲ್ಲಿ ನೂಕುನುಗ್ಗಲು. ಶುರುವಿನ ವರ್ಷಗಳಲ್ಲಿ ತೊಟ್ಟಿ ದೊಡ್ಡದಿರುವಾಗ ಇದರಿಂದ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ಮಧ್ಯಾಹ್ನದ ಊಟದ ನಂತರದ ಮಾತ್ರೆ ಹತ್ತುವುದೇ ಇಲ್ಲ ಅನ್ನುವ ಸ್ಥಿತಿ ಬಂದಾಗ ಮಾತ್ರ ಪ್ರೋಟೀನಿನ ಹೆಚ್ಚಿನ ಪಾಲನ್ನು ರಾತ್ರಿಯ ಊಟಕ್ಕೆ ಸರಿಸಿ. ದಿನದ ಒಟ್ಟು ಪ್ರೋಟೀನು ಕಡಿಮೆ ಮಾಡಬೇಡಿ. ಈ ಕಾಯಿಲೆಯಲ್ಲಿ ತೂಕ ಇಳಿಯುವುದು ಸುಲಭ, ಮತ್ತೆ ಏರಿಸುವುದು ಬಹಳ ಕಷ್ಟ.

ಕಬ್ಬಿಣದ ಮಾತ್ರೆ ಇದ್ದರೆ ಎರಡರ ನಡುವೆ ಕನಿಷ್ಠ ಎರಡು ಗಂಟೆ ಇರಲಿ, ಜೊತೆಗೆ ತಗೊಂಡರೆ ಲೆವೊಡೋಪಾ ಅದಕ್ಕೆ ಅಂಟಿಕೊಂಡು ಹಾಳಾಗುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬೇಡಿ, ಅಗಿಯಬೇಡಿ. ನುಂಗುವುದು ಕಷ್ಟವಾಗಿದ್ದರೆ ನೀರಲ್ಲಿ ಕರಗುವ ಮಾತ್ರೆ ಇದೆಯಾ ಅಂತ ಡಾಕ್ಟರನ್ನು ಕೇಳಿ. ಒಂದು ಡೋಸು ತಪ್ಪಿದರೆ ಮುಂದಿನ ಸಲ ಎರಡು ಒಟ್ಟಿಗೆ ಬೇಡ.

ಮಲಬದ್ಧತೆ ಈ ಸಾಲಿಗೆ ಸೇರುವ ವಿಷಯ ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ. ಪಾರ್ಕಿನ್ಸನ್‌ನಲ್ಲಿ ಹೊಟ್ಟೆ, ಕರುಳು ಎರಡೂ ನಿಧಾನವಾಗುತ್ತವೆ. ನಾಲ್ಕು ದಿನ ಹೊಟ್ಟೆ ಸರಿಯಾಗಿ ಹೋಗದಿದ್ದರೆ ಐದನೇ ದಿನ ಅಪ್ಪನಿಗೆ ಮಾತ್ರೆಯೂ ತಡವಾಗಿ ಹತ್ತುತ್ತಿತ್ತು. ನೀರು, ನಾರು, ಓಡಾಟ, ಅವು ಸಾಲದಿದ್ದರೆ ಡಾಕ್ಟರು ಹೇಳುವ ಔಷಧಿ. ಡೋಸು ಜಾಸ್ತಿ ಮಾಡಿ ಅಂತ ಕೇಳುವ ಮುಂಚೆ ಇದನ್ನು ಸರಿ ಮಾಡಿ.

ಮೂರು ದಿನದ ಪಟ್ಟಿ

ಡಾಕ್ಟರ ಎದುರು ನಮಗೆ ಸಿಗುವುದು ಹತ್ತು ನಿಮಿಷ. ಆ ಹತ್ತು ನಿಮಿಷ ಅಪ್ಪ ಚೆನ್ನಾಗೇ ಇರುತ್ತಿದ್ದರು, ಯಾಕೆಂದರೆ ಆಸ್ಪತ್ರೆಗೆ ಹೋಗುವ ದಿನ ಮಾತ್ರೆ ಸಮಯಕ್ಕೆ ಸರಿಯಾಗಿ ಕೊಡುತ್ತಿದ್ದೆವು! "ಹೇಗಿದ್ದೀರಿ?" "ಪರವಾಗಿಲ್ಲ." ಮುಗಿಯಿತು. ಮೂರು ತಿಂಗಳಿಗೆ ಅದೇ ಚೀಟಿ. ಈ ಪಟ್ಟಿ ತಗೊಂಡು ಹೋದ ದಿನ ಎಲ್ಲ ಬದಲಾಯಿತು.

ಒಂದು ಹಾಳೆಯಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಅರ್ಧರ್ಧ ಗಂಟೆಗೆ ಒಂದು ಗೆರೆ ಎಳೆಯಿರಿ. ಮಾತ್ರೆ ತಗೊಂಡ ನಿಮಿಷಕ್ಕೆ ಒಂದು ಚುಕ್ಕೆ. ಚೆನ್ನಾಗಿ ಓಡಾಡುತ್ತಿರುವ ಹೊತ್ತಿಗೆ "ಆನ್". ನಿಧಾನ, ಬಿಗಿತ, ನಡುಕ ವಾಪಸ್ ಬಂದ ಹೊತ್ತಿಗೆ "ಆಫ್". ಮೈ ತಾನಾಗಿ ತೂಗಾಡುವುದು, ತಿರುಚುವುದು ಇದ್ದರೆ "ತೂಗು". ನಿದ್ದೆಗೆ "ನಿ". ಪಕ್ಕದಲ್ಲಿ ಊಟದ ಹೊತ್ತು ಮಾತ್ರ ಬರೆದರೆ ಸಾಕು. ರಾತ್ರಿ ಕೂತು ನೆನಪಿನಿಂದ ತುಂಬಿಸಿದರೆ ಅದು ಕತೆಯಾಗುತ್ತದೆ, ಅರ್ಧ ಗಂಟೆಗೊಮ್ಮೆ ಬರೆದದ್ದೇ ಲೆಕ್ಕಕ್ಕೆ ಬರುವುದು. ಮೂರು ದಿನ ಸಾಕು, ಒಂದು ತಿಂಗಳು ಬರೆಯಲು ಹೋದರೆ ಐದನೇ ದಿನಕ್ಕೆ ಎಲ್ಲರಿಗೂ ಸಾಕಾಗಿಹೋಗುತ್ತದೆ.

ನಡುಕಕ್ಕೂ ತೂಗಾಟಕ್ಕೂ ವ್ಯತ್ಯಾಸ ತಿಳಿದುಕೊಳ್ಳಿ, ಯಾಕೆಂದರೆ ಇವೆರಡಕ್ಕೂ ಮಾಡಬೇಕಾದ್ದು ತದ್ವಿರುದ್ಧ. ನಡುಕ ಒಂದೇ ತಾಳದಲ್ಲಿರುತ್ತದೆ, ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಜಾಸ್ತಿ, ಡೋಪಮೈನ್ ಕಡಿಮೆಯಾದಾಗ ಬರುತ್ತದೆ. ತೂಗಾಟಕ್ಕೆ ತಾಳ ಇರುವುದಿಲ್ಲ. ಕತ್ತು, ಭುಜ, ಕಾಲು ಕುಣಿದ ಹಾಗೆ ಹೊರಳಾಡುತ್ತವೆ, ಸಾಮಾನ್ಯವಾಗಿ ಮಾತ್ರೆ ಏರಿ ನಿಂತ ಹೊತ್ತಿನಲ್ಲಿ. ಇದಕ್ಕೆ ಡಾಕ್ಟರು ಡಿಸ್ಕೈನೇಷಿಯಾ ಅನ್ನುತ್ತಾರೆ. ನೋಡಿದವರು ನಡುಕ ಜಾಸ್ತಿಯಾಯಿತು ಅಂದುಕೊಂಡು ಇನ್ನರ್ಧ ಮಾತ್ರೆ ಕೊಟ್ಟರೆ ಇನ್ನೂ ಜಾಸ್ತಿ ಆಗುತ್ತದೆ. ಅನುಮಾನವಿದ್ದರೆ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿ, ಮಾತ್ರೆ ಕೊಟ್ಟು ಎಷ್ಟು ಹೊತ್ತಾಗಿತ್ತು ಅಂತ ಅದರಲ್ಲೇ ಬಾಯಲ್ಲಿ ಹೇಳಿ.

ಆಫ್ ಅಂದರೆ ಬರೀ ಕೈಕಾಲಿನ ವಿಷಯ ಅಂತಲೂ ಅಂದುಕೊಳ್ಳಬೇಡಿ. ಕಾರಣವಿಲ್ಲದೆ ಗಾಬರಿ, ಬೆವರು, ಮೈಕೈ ನೋವು, ಅಳು ಬರುವಂತಾಗುವುದು, ಇವೂ ಮಾತ್ರೆ ಇಳಿದಾಗ ಬರಬಹುದು. ದಿನಾ ಅದೇ ಹೊತ್ತಿಗೆ ಬಂದು ಮಾತ್ರೆ ಹತ್ತಿದ ಮೇಲೆ ಹೋಗುತ್ತಿದ್ದರೆ ಪಟ್ಟಿಯಲ್ಲಿ ಬರೆಯಿರಿ.

ಅಪ್ಪನ ಪಟ್ಟಿ ನೋಡಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, "11ರಿಂದ 1ರವರೆಗೆ ದಿನಾ ಹೀಗೇನಾ?" ಮೂರು ಹೊತ್ತಿನ ಮಾತ್ರೆಯನ್ನು 7, 10:30, 2, 5:30 ಅಂತ ನಾಲ್ಕು ಹೊತ್ತು ಮಾಡಿದರು. ಒಂದು ಹೊತ್ತಿನ ಡೋಸು ಅಷ್ಟೇ ಇತ್ತು. ಮುಂದಿನ ವಾರ ಅಪ್ಪ 11 ಗಂಟೆಗೆ ಅಂಗಿ ಬದಲಾಯಿಸಿ, ಕಾಲರಿನ ಗುಂಡಿಯನ್ನೂ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತರು.

ಜೊತೆಗೆ ಬರುವ ಬೇರೆ ಮಾತ್ರೆಗಳು

ಎರಡು ಡೋಸುಗಳ ನಡುವಿನ ಖಾಲಿ ಹೊತ್ತನ್ನು ತುಂಬಲು ಬೇರೆ ಔಷಧಿ ಸೇರಿಸುತ್ತಾರೆ. ಎಂಟಕಪೋನ್, ಒಪಿಕಪೋನ್ ಲೆವೊಡೋಪಾ ಬೇಗ ಒಡೆದುಹೋಗದಂತೆ ತಡೆಯುತ್ತವೆ. ಎಂಟಕಪೋನ್‌ನಿಂದ ಮೂತ್ರ ಕಿತ್ತಳೆ, ಕಂದು ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಹೆದರಬೇಡಿ. ರಸಾಜಿಲಿನ್, ಸೆಲೆಜಿಲಿನ್, ಸಫಿನಮೈಡ್ ಮೆದುಳಿನಲ್ಲಿರುವ ಡೋಪಮೈನ್ ಬೇಗ ಹಾಳಾಗದಂತೆ ನೋಡಿಕೊಳ್ಳುತ್ತವೆ. ಈ ಮೂರರಲ್ಲಿ ಯಾವುದು ತಗೊಳ್ಳುತ್ತಿದ್ದರೂ ಟ್ರಮಡಾಲ್, ಪೆಥಿಡಿನ್ ಥರದ ನೋವಿನ ಔಷಧಿ, ಡೆಕ್ಸ್ಟ್ರೋಮೆಥಾರ್ಫನ್ ಇರುವ ಕೆಮ್ಮಿನ ಸಿರಪ್ ಬೇಡ. ಖಿನ್ನತೆಗೆ ಮಾತ್ರೆ ಕೊಡುವ ಡಾಕ್ಟರಿಗೂ ಇದು ಗೊತ್ತಿರಬೇಕು. ಅಮಾಂಟಡಿನ್ ತೂಗಾಟ ಕಡಿಮೆ ಮಾಡುತ್ತದೆ. ಕಾಲು ಊದುವುದು, ಕಾಲ ಮೇಲೆ ನೇರಳೆ ಬಲೆಯಂಥ ಗುರುತು, ಭ್ರಮೆ ಕಂಡರೆ ತಿಳಿಸಿ. ಟ್ರೈಹೆಕ್ಸಿಫೆನಿಡಿಲ್ ನಡುಕಕ್ಕೆ ಹಳೆಯ ಔಷಧಿ. ಚಿಕ್ಕ ವಯಸ್ಸಿನವರಿಗೆ ಕೆಲಸಕ್ಕೆ ಬರುತ್ತದೆ, ವಯಸ್ಸಾದವರಿಗೆ ಮರೆವು, ಗೊಂದಲ, ಮೂತ್ರ ಕಟ್ಟುವುದು ಶುರುವಾಗಬಹುದು. ನಿಮ್ಮ ಮನೆಯಲ್ಲಿ 75 ದಾಟಿದವರು ಇದನ್ನು ವರ್ಷಗಟ್ಟಲೆ ತಗೊಳ್ಳುತ್ತಿದ್ದು ಈಚೆಗೆ ಮರೆವು ಜಾಸ್ತಿಯಾಗಿದ್ದರೆ, ವಯಸ್ಸಾಯಿತು ಅಂತ ಸುಮ್ಮನಾಗಬೇಡಿ, ಡಾಕ್ಟರ ಹತ್ತಿರ ಈ ಮಾತ್ರೆಯ ಹೆಸರು ಹೇಳಿ ಕೇಳಿ.

ಪ್ರಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳು ಮತ್ತು ರೋಟಿಗೋಟಿನ್ ಪ್ಯಾಚ್, ಇವು ಡೋಪಮೈನಿನ ಹಾಗೆ ನಟಿಸುವ ಔಷಧಿಗಳು. ಲೆವೊಡೋಪಾಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತವೆ, ತೂಗಾಟ ಕಡಿಮೆ. ಆದರೆ ಇವುಗಳ ಬಗ್ಗೆ ಮನೆಯವರಿಗೆ ಒಂದು ವಿಷಯ ಗೊತ್ತಿರಲೇಬೇಕು. ಡೋಪಮೈನಿಗೆ ಚಲನೆ ಮಾತ್ರ ಅಲ್ಲ, ಆಸೆ, ಖುಷಿ, ಇನ್ನೂ ಬೇಕು ಅನ್ನುವುದರ ಜೊತೆಗೂ ಸಂಬಂಧ ಇದೆ. ಈ ಔಷಧಿ ತಗೊಳ್ಳುವ ಕೆಲವರಿಗೆ ಜೂಜು, ಸಿಕ್ಕಾಪಟ್ಟೆ ಖರೀದಿ, ಮಿತಿಯಿಲ್ಲದ ತಿನ್ನಾಟ, ಲೈಂಗಿಕ ಆಸೆ ಕೈಮೀರುವುದು ಶುರುವಾಗುತ್ತದೆ. 3,090 ರೋಗಿಗಳನ್ನು ನೋಡಿದ 2010ರ ಒಂದು ಅಧ್ಯಯನದಲ್ಲಿ ಈ ಗುಂಪಿನ ಔಷಧಿ ತಗೊಳ್ಳುವವರಲ್ಲಿ ಸುಮಾರು 17% ಮಂದಿಗೆ ಇಂಥದ್ದು ಕಂಡಿತ್ತು. ಜೀವನಪೂರ್ತಿ ಪೈಸೆ ಪೈಸೆ ಲೆಕ್ಕ ಇಟ್ಟವರು ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಜೂಜಾಡುತ್ತಿದ್ದರೆ ಅದು ಅವರ ಗುಣ ಕೆಟ್ಟಿದ್ದಲ್ಲ, ಔಷಧಿಯ ಪರಿಣಾಮ. ಅವರಾಗಿ ಹೇಳುವುದಿಲ್ಲ, ನಾಚಿಕೆ. ನೀವೇ ಕೇಳಬೇಕು, ಮಾತ್ರೆ ಶುರುವಾಗುವ ಮುಂಚೆಯೇ ಮನೆಯಲ್ಲಿ ಮಾತಾಡಿಕೊಂಡಿದ್ದರೆ ಕೇಳುವುದು ಸುಲಭ. ಕೂತಲ್ಲೇ ಇದ್ದಕ್ಕಿದ್ದಂತೆ ನಿದ್ದೆ ಹೊಡೆಯುವುದೂ ಇದೆ. ಹಾಗಾಗುತ್ತಿದ್ದರೆ ಗಾಡಿ ಓಡಿಸುವುದು ಆ ಕ್ಷಣಕ್ಕೇ ನಿಲ್ಲಬೇಕು.

ಬಿಪಿ ಕೂತಾಗ ಸರಿ ಇದ್ದು ನಿಂತಾಗ ಬೀಳುತ್ತದೆ, ಕಾಯಿಲೆಯಿಂದಲೂ ಮಾತ್ರೆಯಿಂದಲೂ. ಮಲಗಿದ್ದಾಗ ಒಮ್ಮೆ, ನಿಂತು ಮೂರು ನಿಮಿಷಕ್ಕೆ ಒಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಬರೆದಿಟ್ಟು ತೋರಿಸಿ. ಇಲ್ಲದ ಜನ ಕಾಣುವುದು, ಗೋಡೆಯ ಮೇಲೆ ಹುಳ ಹರಿದಾಡುವುದು ಅಂತ ಅವರು ಹೇಳಿದರೆ ವಾದ ಮಾಡಬೇಡಿ, ಆ ವಾರವೇ ಡಾಕ್ಟರಿಗೆ ತಿಳಿಸಿ.

"ಈಗಲೇ ಶುರು ಮಾಡಿದರೆ ಆಮೇಲೆ ಹತ್ತಲ್ಲವಂತೆ"

ಇದನ್ನು ನಂಬಿ ಅಪ್ಪ ಮೊದಲ ಒಂದೂವರೆ ವರ್ಷ ಮಾತ್ರೆ ಮುಟ್ಟಲಿಲ್ಲ. ಒಳ್ಳೆಯ ಔಷಧಿಯನ್ನು ಕಷ್ಟಕಾಲಕ್ಕೆ ಕೂಡಿಡಬೇಕು ಅನ್ನುವ ಲೆಕ್ಕ. ಕೈ ಬೀಸದೆ, ಕಾಲೆಳೆದುಕೊಂಡು, ಯಾರಿಗೂ ಕಾಣಬಾರದು ಅಂತ ಮನೆಯಲ್ಲೇ ಕೂತರು. ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇದು ಕೇವಲ ಭಯ ಅಂತ ತೋರಿಸುವ ಕೆಲಸ ನಡೆದಿದೆ. 2014ರಲ್ಲಿ ಬಂದ ಒಂದು ಅಧ್ಯಯನ ಘಾನಾದ ರೋಗಿಗಳನ್ನು ಇಟಲಿಯ ರೋಗಿಗಳ ಜೊತೆ ಹೋಲಿಸಿತು. ಘಾನಾದವರಿಗೆ ಲೆವೊಡೋಪಾ ಸಿಕ್ಕಿದ್ದು ತಡವಾಗಿ. ಆದರೂ ಮಾತ್ರೆ ಬೇಗ ಇಳಿಯುವುದು, ತೂಗಾಟ, ಇವು ಶುರುವಾದದ್ದು ಎರಡೂ ಕಡೆ ಕಾಯಿಲೆಗೆ ಹೆಚ್ಚುಕಡಿಮೆ ಅಷ್ಟೇ ವರ್ಷವಾದಾಗ. ಅಂದರೆ ತೊಟ್ಟಿ ಚಿಕ್ಕದಾಗುವುದು ಕಾಯಿಲೆಯಿಂದ, ಮಾತ್ರೆ ಎಷ್ಟು ವರ್ಷದಿಂದ ನುಂಗುತ್ತಿದ್ದೀರಿ ಅನ್ನುವುದರಿಂದ ಅಲ್ಲ. 2019ರಲ್ಲಿ 445 ಜನರ ಮೇಲೆ ನಡೆಸಿದ ಇನ್ನೊಂದು ಪ್ರಯೋಗದಲ್ಲಿ ಅರ್ಧ ಜನಕ್ಕೆ ಮೊದಲೇ, ಉಳಿದವರಿಗೆ 40 ವಾರ ಬಿಟ್ಟು ಲೆವೊಡೋಪಾ ಶುರು ಮಾಡಿದರು. 80 ವಾರದ ಕೊನೆಗೆ ಎರಡೂ ಗುಂಪು ಒಂದೇ ಥರ ಇದ್ದರು. ಮೊದಲೇ ಕೊಟ್ಟದ್ದರಿಂದ ಕಾಯಿಲೆ ನಿಧಾನವಾಗಲಿಲ್ಲ, ಕೆಡುಕೂ ಆಗಲಿಲ್ಲ. ಡೋಸು ಜಾಸ್ತಿಯಾದಷ್ಟೂ ತೂಗಾಟದ ಸಾಧ್ಯತೆ ಹೆಚ್ಚು ಅನ್ನುವುದು ನಿಜ, ಹಾಗಾಗಿ ಸಾಕಾಗುವಷ್ಟೇ ಕೊಡುತ್ತಾರೆ. ಆದರೆ ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದೆ ಅಂದಮೇಲೆ ಕಾಯುವುದರಲ್ಲಿ ಲಾಭವಿಲ್ಲ.

ನಸುಗುನ್ನಿ ಬೀಜದ ಪುಡಿಯ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. ಅದೇ ಕಾರಣಕ್ಕೆ ಹುಷಾರಾಗಿರಬೇಕು. ಒಂದೊಂದು ಡಬ್ಬಿಯಲ್ಲಿ ಒಂದೊಂದು ಪ್ರಮಾಣ, ಕಾರ್ಬಿಡೋಪಾ ಇರುವುದಿಲ್ಲ, ಮಾತ್ರೆಯ ಮೇಲೆ ಇದನ್ನೂ ಸೇರಿಸಿದರೆ ಡೋಸು ಎಷ್ಟಾಯಿತು ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ. ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ.

ಮಾತ್ರೆ ಎಷ್ಟು ಚೆನ್ನಾಗಿದ್ದರೂ ಕೆಲವಕ್ಕೆ ಅದರ ಕೈ ಎಟುಕುವುದಿಲ್ಲ. ಸಮತೋಲನ ತಪ್ಪುವುದು, ಮಾತು ಮೆಲ್ಲಗಾಗುವುದು, ವಾಸನೆ ತಿಳಿಯದಿರುವುದು, ಇವಕ್ಕೆ ಡೋಸು ಏರಿಸಿ ಪ್ರಯೋಜನ ಕಡಿಮೆ. ಇಲ್ಲಿ ಫಿಸಿಯೋಥೆರಪಿ, ಮಾತಿನ ತರಬೇತಿ ಬೇಕು. ಆಫ್ ಹೊತ್ತು, ತೂಗಾಟ ಎರಡೂ ಮಾತ್ರೆಯ ಹೊಂದಾಣಿಕೆಗೆ ಬಗ್ಗದಿದ್ದರೆ ಚರ್ಮದಡಿ ಚುಚ್ಚಿ ಕೊಡುವ ಅಪೋಮಾರ್ಫಿನ್ ಔಷಧಿ, ಕರುಳಿಗೆ ನೇರವಾಗಿ ಹೋಗುವ ಲೆವೊಡೋಪಾ ಜೆಲ್, ಮೆದುಳಿಗೆ ತಂತಿ ಇಡುವ ಡಿಬಿಎಸ್ ಶಸ್ತ್ರಚಿಕಿತ್ಸೆ ಇವೆ. ಆ ಮಾತನ್ನು ತೀರಾ ಕೊನೆಯವರೆಗೆ ಮುಂದೂಡದೆ ಡಾಕ್ಟರ ಹತ್ತಿರ ಎತ್ತಿ.

ಕೊಡಬಾರದ ಔಷಧಿ, ಮತ್ತು ಆಸ್ಪತ್ರೆ ಸೇರಿದಾಗ

ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮತ್ತು ಪ್ರೋಕ್ಲೋರ್‌ಪೆರಜಿನ್, ರೋಗಿ ಗಲಾಟೆ ಮಾಡಿದಾಗ ಕೊಡುವ ಹಾಲೋಪೆರಿಡಾಲ್, ಇವು ಡೋಪಮೈನ್ ಕೆಲಸ ಮಾಡುವ ಜಾಗವನ್ನೇ ಮುಚ್ಚಿಬಿಡುತ್ತವೆ. ಇರುವುದೇ ಇಷ್ಟು, ಅದಕ್ಕೂ ಬೀಗ. ತಲೆಸುತ್ತಿಗೆ ಬರೆಯುವ ಸಿನ್ನರಿಜಿನ್, ಫ್ಲುನರಿಜಿನ್ ಕೂಡ ಇದೇ ಸಾಲಿನವು, ಇವನ್ನು ತಿಂಗಳುಗಟ್ಟಲೆ ತಗೊಂಡರೆ ಪಾರ್ಕಿನ್ಸನ್ ಇಲ್ಲದವರಿಗೂ ಅದರ ಲಕ್ಷಣ ಬರಬಹುದು. ವಾಂತಿಗೆ ಡೊಂಪೆರಿಡೋನ್ ಮೆದುಳಿಗೆ ಹೋಗುವುದಿಲ್ಲ, ಆದರೆ ಹೃದಯದ ತೊಂದರೆ ಇರುವವರಿಗೆ ಡಾಕ್ಟರು ನೋಡಿಯೇ ಕೊಡಬೇಕು. ಭ್ರಮೆಗೆ ಕ್ವೆಟಿಯಾಪಿನ್, ಕ್ಲೋಜಪಿನ್ ಥರದವು ಬೇರೆ ಇವೆ.

ಲೆವೊಡೋಪಾ ಆಗಲಿ ಬೇರೆಯದಾಗಲಿ ಯಾವತ್ತೂ ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಜೋರು ಜ್ವರ, ಮೈ ಮರದಂತೆ ಬಿಗಿಯುವುದು, ಪ್ರಜ್ಞೆ ಮಸುಕಾಗುವುದು ಬರಬಹುದು, ಅದು ಪ್ರಾಣಕ್ಕೆ ಕುತ್ತು. ಹಾಗೆ ಕಂಡರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.

ಅಪ್ಪನಿಗೆ ಮೂತ್ರದ ಸೋಂಕಾಗಿ ಒಂದು ಆಸ್ಪತ್ರೆಗೆ ಸೇರಿಸಿದಾಗ ಅವರ ಮಾತ್ರೆಗಳನ್ನೆಲ್ಲ ವಾರ್ಡಿನವರು ತಗೊಂಡು ಇಟ್ಟುಕೊಂಡರು, ಎಲ್ಲರಿಗೂ ಕೊಡುವ ಹೊತ್ತಿಗೆ ಕೊಡುತ್ತೇವೆ ಅಂದರು. ಬೆಳಗ್ಗೆ 9, ಮಧ್ಯಾಹ್ನ 2, ರಾತ್ರಿ 9. ಎರಡನೇ ದಿನದ ಸಂಜೆ ಅಪ್ಪನಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ, ಬಾಯಿಗೆ ಹಾಕಿದ ನೀರು ಕಟಬಾಯಿಂದ ಇಳಿಯುತ್ತಿತ್ತು. ಸೋಂಕಿನ ಸುಸ್ತು ಅಂದರು. ನಾನು ಅತ್ತು, ಜಗಳವಾಡಿ, ನಮ್ಮ ನ್ಯೂರಾಲಜಿಸ್ಟರಿಂದ ಫೋನು ಮಾಡಿಸಿ ಹೊತ್ತು ಸರಿಮಾಡಿಸಬೇಕಾಯಿತು. ಬ್ರಿಟನ್ನಿನಲ್ಲಿ ಪಾರ್ಕಿನ್ಸನ್ಸ್ ಯುಕೆ ಸಂಸ್ಥೆ ಇದೊಂದೇ ವಿಷಯಕ್ಕೆ ಅಭಿಯಾನ ನಡೆಸುತ್ತಿದೆ, ಆಸ್ಪತ್ರೆಯಲ್ಲಿ ಈ ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗಬೇಕು, ಆಚೀಚೆ ಅರ್ಧ ಗಂಟೆ ಮೀರಬಾರದು ಅಂತ. ನಮ್ಮೊಬ್ಬರ ಕಷ್ಟ ಅಲ್ಲ ಇದು.

ಆ ಮೇಲೆ ಒಂದು ಕಾರ್ಡು ಮಾಡಿದೆ. ಅಪ್ಪನ ಜೇಬಿನಲ್ಲಿ ಒಂದು, ನನ್ನ ಪರ್ಸಿನಲ್ಲಿ ಒಂದು. ಮೇಲೆ ದಪ್ಪ ಅಕ್ಷರದಲ್ಲಿ "ಪಾರ್ಕಿನ್ಸನ್ ಇದೆ, ಮಾತ್ರೆ ಹೊತ್ತಿಗೆ ಸರಿಯಾಗಿ ಬೇಕು, ನಿಲ್ಲಿಸಬೇಡಿ". ಅದರ ಕೆಳಗೆ ಮಾತ್ರೆಯ ಪೂರ್ತಿ ಹೆಸರು, ಎರಡೂ ಅಂಕಿ, ಗಂಟೆ ನಿಮಿಷದ ಸಮೇತ. ಆಮೇಲೆ ಕೊಡಬಾರದ ಔಷಧಿಗಳ ಹೆಸರು. ಕೊನೆಗೆ ನ್ಯೂರಾಲಜಿಸ್ಟರ ಫೋನು. ಹಿಂಬದಿಯಲ್ಲಿ ಒಂದು ಸಾಲು: "ಬಾಯಿಂದ ನುಂಗಲು ಆಗದಿದ್ದರೆ ಟ್ಯೂಬು ಅಥವಾ ಪ್ಯಾಚಿನ ಬಗ್ಗೆ ಇವರನ್ನು ಕೇಳಿ." ಆಪರೇಷನ್ನಿಗೆ ಹೊಟ್ಟೆ ಖಾಲಿ ಇಡಿ ಅಂದಾಗ ಈ ಮಾತ್ರೆಯ ಕತೆ ಏನು ಅಂತ ಮುಂಚಿನ ದಿನವೇ ಅರಿವಳಿಕೆ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಮೂರು ದಿನಕ್ಕಾಗುವಷ್ಟು ಮಾತ್ರೆಯನ್ನು ಅದರ ಪಟ್ಟಿಯ ಸಮೇತ ಒಂದು ಚಿಕ್ಕ ಚೀಲದಲ್ಲಿ ಯಾವಾಗಲೂ ಬಾಗಿಲ ಹತ್ತಿರ ಇಟ್ಟಿರಿ. ಡೋಸು ಬದಲಾದ ದಿನವೇ ಕಾರ್ಡನ್ನೂ ಹೊಸದಾಗಿ ಬರೆಯಿರಿ, ಹಳೆಯದನ್ನು ಹರಿದುಹಾಕಿ.